ಲುಟಿನೋ ಗಂಡು, ವೈಟ್‌ಫೇಸ್ ಹೆಣ್ಣು: ಅಣ್ಣ-ತಂಗಿ ಮರಿಗಳನ್ನೇ ಜೋಡಿ ಹಾಕಿದರೆ ಆಲ್ಬಿನೋ ಬರುತ್ತಾ?

ತಿಪಟೂರು ಹಿತ್ತಲು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೀ ಓದುವವಳು, ಬರೆಯುತ್ತಿರುವುದು ಇದೇ ಮೊದಲು.

ನಮ್ಮ ಮನೆಯಲ್ಲಿ ಒಂದು ಜೋಡಿ ಕಾಕಟೀಲ್ (ಜುಟ್ಟಿರುವ ಸಣ್ಣ ಗಿಳಿ ಜಾತಿ) ಇದೆ. ಗಂಡು ಲುಟಿನೋ: ಮೈಯೆಲ್ಲ ಹಾಲಿನ ಕೆನೆ, ಕೆನ್ನೆಯಲ್ಲಿ ಕಿತ್ತಳೆ ಬೊಟ್ಟು, ಕಣ್ಣು ಕೆಂಪು. ಹೆಣ್ಣು ವೈಟ್‌ಫೇಸ್. ಹೆಸರು ವೈಟ್‌ಫೇಸ್ ಆದರೂ ಇವಳ ಮುಖ ಬೂದು ಬಣ್ಣವೇ, ಕೆನ್ನೆಯಲ್ಲಿ ಬೊಟ್ಟು ಮಾತ್ರ ಇಲ್ಲ. ಯುಗಾದಿ ಆದಮೇಲೆ ಐದು ಮೊಟ್ಟೆ ಇಟ್ಟಳು. ಒಂದು ಮರಿಯಾಗಲಿಲ್ಲ, ಉಳಿದದ್ದು ನಾಲ್ಕು ಮರಿ. ಎರಡು ಲುಟಿನೋ, ಎರಡು ಮಾಮೂಲಿ ಬೂದು. ಈಗ ಐದು ತಿಂಗಳು, ನಾಲ್ಕೂ ಚೆನ್ನಾಗಿವೆ.

ಹಕ್ಕಿ ಕೊಟ್ಟ ಅಂಗಡಿಯವರು ಹೇಳುವುದು ಏನಂದ್ರೆ, ಈ ಮರಿಗಳನ್ನೇ ಒಂದಕ್ಕೊಂದು ಜೋಡಿ ಹಾಕಿ, ಆಲ್ಬಿನೋ ಅಂದರೆ ಪೂರ್ತಿ ಬಿಳಿ ಹಕ್ಕಿ ಬರುತ್ತೆ. ಹೊರಗಿನ ಹಕ್ಕಿ ಸೇರಿಸಿದರೆ ಲೈನ್, ಅಂದರೆ ವಂಶದ ಸಾಲು, ಕೆಡುತ್ತೆ. ಹಂಗೇ ಬಣ್ಣ ಗಟ್ಟಿಯಾಗೋಕೆ ಅಂತ ಒಂದು ಪುಡಿ ಕೊಟ್ಟರು, 180 ರೂಪಾಯಿ. ನವಣೆಯಲ್ಲಿ ಕಲಸಿ ಹಾಕುತ್ತಿದ್ದೇನೆ. ಒಂದು ವಾರದಿಂದ ಹಿಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ಹಕ್ಕಿ ಹೇಗಿತ್ತೋ ಹಾಗೇ ಇದೆ.

ಅಣ್ಣ-ತಂಗಿ ಜೋಡಿ ಹಾಕಬಹುದಾ ಅನ್ನೋದು ಮುಖ್ಯ ಪ್ರಶ್ನೆ. ಇನ್ನೊಂದು: ಗಂಡಿನ ಜುಟ್ಟಿನ ಹಿಂದೆ ಪುಕ್ಕವೇ ಇಲ್ಲ, ಬೋಳು. ಲುಟಿನೋ ಮರಿಗಳಿಗೂ ಹಾಗೇ ಕಾಣುತ್ತಿದೆ. ನಮ್ಮತ್ತೆ "ಹೇನು ಬಿದ್ದಿರಬೇಕು, ಬೇವಿನ ಎಣ್ಣೆ ಸವರು" ಅಂತಾರೆ. ಸವರಲಾ?

ಗೂಡು-ಗೀಡು

ಆಲ್ಬಿನೋ ಬಂದ್ರೆ ನನಗೊಂದು ಜೋಡಿ ಇಡಿ ಅಕ್ಕಾ. ರೇಟ್ ಎಷ್ಟು ಹೇಳ್ತೀರಾ?

ಮಹಡಿ ಮೇಲಿನ ಲೈನ್‌ಮನ್, ದಾವಣಗೆರೆ

ತಂಗಿ, ಮೊದಲು ಎಣ್ಣೆ ವಿಷಯ. ಸವರಬೇಡಿ. ಪುಕ್ಕಕ್ಕೆ ಎಣ್ಣೆ ಅಂಟಿದರೆ ಹಕ್ಕಿ ಕೊಕ್ಕಿನಿಂದ ತೀಡಿ ತೀಡಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಪುಕ್ಕ ಮೈಯನ್ನು ಬೆಚ್ಚಗೂ ಇಡುವುದಿಲ್ಲ. ಅದು ಹೇನಲ್ಲ, ವಂಶದಿಂದ ಬಂದ ಬೋಳು. ನಿಮ್ಮತ್ತೆಯವರಿಗೆ ಹೇಳಿ, ಈ ಬೋಳಿಗೆ ಅರವತ್ತು ವರ್ಷಕ್ಕೂ ಹೆಚ್ಚು ವಯಸ್ಸು.

ಕಾಕಟೀಲ್ ಆಸ್ಟ್ರೇಲಿಯಾದ ಹಕ್ಕಿ, ಅಲ್ಲಿ ಬಯಲಲ್ಲಿ ಇರುವುದೆಲ್ಲ ಬೂದು. ಲುಟಿನೋ ಅನ್ನುವುದು 1958ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಪಂಜರದಲ್ಲೇ ಹುಟ್ಟಿದ ಬಣ್ಣ. ಆ ಸಾಲನ್ನು ಬೆಳೆಸಿ ಹಂಚಿದ ಹೆಂಗಸಿನ ಹೆಸರು ಮಿಸೆಸ್ ಮೂನ್, ಹಾಗಾಗಿ ಶುರುವಿನಲ್ಲಿ ಇವಕ್ಕೆ ಮೂನ್‌ಬೀಮ್ ಅಂತಲೇ ಹೆಸರು. ಬೆಳದಿಂಗಳ ಕೋಲು! ಆಗ ಲುಟಿನೋ ಇದ್ದದ್ದೇ ಬೆರಳೆಣಿಕೆ. ಎಲ್ಲರಿಗೂ ಬೇಕು. ಅದಕ್ಕೇ ಒಳಗೊಳಗೇ ಜೋಡಿ ಹಾಕಿದರು. ಬಣ್ಣದ ಜೊತೆಗೆ ಬೋಳೂ ಊರೂರಿಗೆ ಬಂತು. ತಿಪಟೂರಿಗೂ ಬಂತು.

ಈಗ ಜೋಡಿ ವಿಷಯ. ನಾನು ಲೈನ್‌ಮನ್ ಆಗಿದ್ದವನು, ಈಗ ರಿಟೈರ್ಡ್. ಮಹಡಿ ಮೇಲೆ ಹಕ್ಕಿ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಜಾತಕದ ಪುಸ್ತಕ ಬರೆದ ಹಾಗೆ ಪ್ರತಿ ಮರಿಯದ್ದೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ನಿಮ್ಮ ಪ್ರಶ್ನೆ ಓದಿ 2008ರ ನೋಟ್‌ಬುಕ್ ತೆಗೆದೆ. ನೀವು ಮಾಡಬೇಕು ಅಂದುಕೊಂಡಿರುವುದನ್ನೇ ನಾನು ಆವಾಗ ಮಾಡಿದ್ದೆ.

ಬೆಂಗಳೂರಿನಲ್ಲಿ ಆಲ್ಬಿನೋಗೆ ಒಳ್ಳೇ ಬೆಲೆ ಅಂತ ಯಾರೋ ಹೇಳಿದರು. ನನ್ನ ಹತ್ತಿರ ನಿಮ್ಮ ಥರದ್ದೇ ಮರಿಗಳಿದ್ದವು. ಅಣ್ಣ-ತಂಗಿ ಹಾಕಿದೆ. ಮೊದಲ ಸಲ ಆರು ಮರಿ, ಅದರಲ್ಲಿ ಒಂದು ಆಲ್ಬಿನೋ. ಹೋಳಿಗೆ ಮಾಡಿಸಿದೆ ಮನೆಯಲ್ಲಿ. ಆಮೇಲೆ ಆ ಆಲ್ಬಿನೋವನ್ನು ಅದರ ಒಡಹುಟ್ಟಿದ್ದಕ್ಕೇ ಹಾಕಿದೆ. ಹನ್ನೊಂದು ಮೊಟ್ಟೆ, ನಾಲ್ಕು ಮರಿ. ಅದರ ಮುಂದಿನ ಸಲ ಟಾರ್ಚ್ ಹಿಡಿದು ನೋಡಿದರೆ ಮೊಟ್ಟೆಗಳಲ್ಲಿ ನರ ಓಡಾಡಿದೆ, ಜೀವ ಇದೆ. ಇಪ್ಪತ್ತೊಂದು ದಿನ ಆಯಿತು, ಇಪ್ಪತ್ತಮೂರಾಯಿತು, ಒಡೆಯಲಿಲ್ಲ. ನಾನೇ ಒಡೆದು ನೋಡಿದೆ. ಪೂರ್ತಿ ಬೆಳೆದ ಮರಿ, ಕೊಕ್ಕು ಮೂಡಿದೆ, ಉಗುರು ಮೂಡಿದೆ, ಹೊಟ್ಟೆಯ ಹೊರಗೆ ಹಳದಿ ಇನ್ನೂ ಹಾಗೇ ಇದೆ. ಮೂರು ಮೊಟ್ಟೆಯಲ್ಲೂ ಅದೇ ಕಥೆ. ಉಳಿದ ಒಂದೇ ಒಂದು ಹೆಣ್ಣಿಗೆ ನೆತ್ತಿಯಲ್ಲಿ ಐದು ರೂಪಾಯಿ ನಾಣ್ಯದಷ್ಟು ಬೋಳು. ನಮ್ಮನೆಯವಳು ಅದಕ್ಕೆ "ಹೆಡ್ ಮಾಸ್ಟ್ರು" ಅಂತ ಹೆಸರಿಟ್ಟಳು. ಮಾರಲಿಲ್ಲ, ಮಾರೋಕೆ ಮುಖವಿರಲಿಲ್ಲ. ಅಷ್ಟರಲ್ಲಿ ಆಲ್ಬಿನೋ ಬೆಲೆ ಅರ್ಧಕ್ಕೆ ಇಳಿದಿತ್ತು ಅನ್ನೋದು ಬೇರೆ ಮಾತು.

ಅಣ್ಣ-ತಂಗಿ ಹಾಕಿದವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ದೊಡ್ಡ ಬ್ರೀಡರುಗಳೂ ಒಳಗೊಳಗೆ ಹಾಕುತ್ತಾರೆ. ಅವರ ಹತ್ತಿರ ಐವತ್ತು ಜೋಡಿ ಇರುತ್ತದೆ, ಲೆಕ್ಕ ಇರುತ್ತದೆ, ಸೊರಗಿದ್ದನ್ನು ಸಾಲಿನಿಂದ ತೆಗೆಯುತ್ತಾರೆ. ನಿಮ್ಮ ಹತ್ತಿರ ಇರುವುದು ನಾಲ್ಕು ಮರಿ.

ಇನ್ನೊಂದು ಮಾತು, ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ಅಣ್ಣ-ತಂಗಿ ಹಾಕಿದರೂ ಆಲ್ಬಿನೋ ಸಿಗುವುದು ಎಂಟರಲ್ಲಿ ಒಂದು. ಹೊರಗಿನ ಹಕ್ಕಿ ತಂದರೂ ಎಂಟರಲ್ಲಿ ಒಂದೇ! ಲೆಕ್ಕ ನೋಡಿ.

ಲುಟಿನೋ ಬಣ್ಣದ ಚೀಟಿ, ಅಂದರೆ ಜೀನ್, ಇರುವುದು ಗಂಡು-ಹೆಣ್ಣು ತೀರ್ಮಾನಿಸುವ ಝಡ್ ಕ್ರೋಮೋಸೋಮಿನ ಮೇಲೆ. ಹಕ್ಕಿಗಳಲ್ಲಿ ನಮಗೆ ಉಲ್ಟಾ: ಗಂಡಿಗೆ ಝಡ್ ಎರಡು, ಹೆಣ್ಣಿಗೆ ಒಂದು, ಅದೂ ಅಪ್ಪನಿಂದ ಬಂದದ್ದು. ಹಾಗಾಗಿ ನಿಮ್ಮ ಲುಟಿನೋ ಗಂಡಿನ ಹೆಣ್ಣುಮಕ್ಕಳೆಲ್ಲ ಲುಟಿನೋ, ಗಂಡುಮಕ್ಕಳೆಲ್ಲ ಬೂದು. ಅಂದರೆ ನಿಮ್ಮ ಎರಡು ಲುಟಿನೋ ಹೆಣ್ಣು, ಎರಡು ಬೂದು ಗಂಡು. ಗಂಡೋ ಹೆಣ್ಣೋ ತಿಳಿಯೋಕೆ ಡಿಎನ್‌ಎ ಟೆಸ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಆ ಬೂದು ಗಂಡುಗಳು ಒಳಗೊಳಗೆ ಲುಟಿನೋ ಇಟ್ಟುಕೊಂಡಿವೆ, ಅದಕ್ಕೇ ಸ್ಪ್ಲಿಟ್ ಅನ್ನುವುದು. ಹೆಣ್ಣಿಗೆ ಝಡ್ ಒಂದೇ ಇರುವುದರಿಂದ ಅದು ಲುಟಿನೋ ಸ್ಪ್ಲಿಟ್ ಆಗೋಕೆ ಸಾಧ್ಯವೇ ಇಲ್ಲ. ಯಾರಾದರೂ "ಲುಟಿನೋ ಸ್ಪ್ಲಿಟ್ ಹೆಣ್ಣು, ಐನೂರು ಜಾಸ್ತಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ವೈಟ್‌ಫೇಸ್ ಬೇರೆ ಥರ. ಅಪ್ಪನಿಂದೊಂದು ಅಮ್ಮನಿಂದೊಂದು, ಎರಡು ಚೀಟಿ ಬಂದರೆ ಮಾತ್ರ ಕಾಣುತ್ತದೆ. ನಿಮ್ಮ ನಾಲ್ಕು ಮರಿಯಲ್ಲೂ ಅಮ್ಮನ ಒಂದು ಚೀಟಿ ಅಡಗಿದೆ. ಲುಟಿನೋ, ವೈಟ್‌ಫೇಸ್ ಎರಡೂ ಒಂದೇ ಮೈಮೇಲೆ ಕಂಡರೆ ಅದು ಆಲ್ಬಿನೋ.

ನಿಮ್ಮ ಮರಿಗಳಲ್ಲೇ ಗಂಡಿಗೆ ಹೆಣ್ಣು ಹಾಕಿದರೆ ಅರ್ಧ ಮರಿ ಲುಟಿನೋ, ಕಾಲು ಭಾಗ ವೈಟ್‌ಫೇಸ್. ಅರ್ಧದಲ್ಲಿ ಕಾಲು, ಎಂಟರಲ್ಲಿ ಒಂದು. ಅದೇ ಬೂದು ಗಂಡಿಗೆ ಸಂಬಂಧವೇ ಇಲ್ಲದ ಮನೆಯ ವೈಟ್‌ಫೇಸ್ ಹೆಣ್ಣು ತನ್ನಿ. ಅರ್ಧ ಮರಿ ವೈಟ್‌ಫೇಸ್, ಕಾಲು ಭಾಗ ಲುಟಿನೋ. ಕಾಲಿನಲ್ಲಿ ಅರ್ಧ, ಮತ್ತೆ ಎಂಟರಲ್ಲಿ ಒಂದು. ಈ ಸಲ ಬರುವ ಆಲ್ಬಿನೋ ಎಲ್ಲ ಹೆಣ್ಣೇ. ಹಾಗಾದರೆ ಅಣ್ಣ-ತಂಗಿ ಹಾಕಿ ಬಂದ ಲಾಭ ಏನು? ಒಂದು ಹಕ್ಕಿಯ ದುಡ್ಡು ಉಳಿಯಿತು, ಅಷ್ಟೇ. ಆಲ್ಬಿನೋ ಹೆಣ್ಣನ್ನೇ ಹೊರಗಿನಿಂದ ತಂದರೆ ನಾಲ್ಕರಲ್ಲಿ ಒಂದು, ಆದರೆ ಅದರ ನೆತ್ತಿ ನೋಡದೆ ತರಬೇಡಿ. ಮಾರುವವರು ಫೋಟೋ ಹಾಕುವುದು ಯಾವಾಗಲೂ ಪಕ್ಕದಿಂದ, ಗಮನಿಸಿದ್ದೀರಾ?

ಬೋಳು ಕಡಿಮೆ ಮಾಡುವ ದಾರಿ ಒಂದೇ, ಒಳ್ಳೆ ಬೂದು ಹಕ್ಕಿ. ಹೆಡ್ ಮಾಸ್ಟ್ರು ಆದಮೇಲೆ ನಾನು ಹರಿಹರದಿಂದ ಒಂದು ಬೂದು ಗಂಡು ತಂದೆ. ಎಲ್ಲರೂ ನಕ್ಕರು. ಸಂತೆಯಲ್ಲಿ ಬೂದು ಹಕ್ಕಿಗೆ ಏನು ಬೆಲೆ? ಅಡುಗೆಮನೆ ತಕ್ಕಡಿಯಲ್ಲಿ ಇಟ್ಟರೆ 98 ಗ್ರಾಂ ಇತ್ತು, ನನ್ನ ಲುಟಿನೋಗಳು 80 ದಾಟುತ್ತಿರಲಿಲ್ಲ. ಜುಟ್ಟು ಅಂದರೆ ಜುಟ್ಟು, ಬುಡದಿಂದ ದಟ್ಟ. ಅದನ್ನು ಲುಟಿನೋ ಹೆಣ್ಣಿಗೆ ಹಾಕಿದರೆ ಮೊದಲ ತಲೆಮಾರಿನಲ್ಲಿ ಒಂದೂ ಲುಟಿನೋ ಬರುವುದಿಲ್ಲ. ಎಲ್ಲ ಬೂದು. ಅಲ್ಲೇ ಜನ ಸೋಲುವುದು. ಆ ಬೂದು ಗಂಡುಮರಿಗಳನ್ನು ಬೇರೆ ಮನೆಯ ಲುಟಿನೋಗೆ ಹಾಕಿ, ಬಂದ ಲುಟಿನೋಗಳಲ್ಲಿ ನೆತ್ತಿ ತುಂಬಿದ್ದನ್ನು ಆರಿಸಿ, ಮತ್ತೆ ಬೂದು. ಮೂರನೇ ತಲೆಮಾರಿಗೆ ಬೋಳು ಕಡಲೆಕಾಳಿನಷ್ಟಾಯಿತು. ಈಗಲೂ ನನ್ನ ಮಹಡಿಯಲ್ಲಿ ಅರ್ಧಕ್ಕರ್ಧ ಬೂದು ಹಕ್ಕಿಗಳೇ. ನೋಡೋಕೆ ಬಂದವರು "ಇದೇನ್ರೀ, ಬಣ್ಣವೇ ಇಲ್ಲ" ಅಂತಾರೆ.

ನೀವು ಮಾಡಬೇಕಾದದ್ದು: ಜುಟ್ಟನ್ನು ಬೆರಳಿನಿಂದ ಮುಂದಕ್ಕೆ ಬಾಗಿಸಿ ಮೆಲ್ಲಗೆ ಊದಿ. ಬೂದು ಹಕ್ಕಿಗೂ ಜುಟ್ಟಿನ ಹಿಂದೆ ಒಂದಿಷ್ಟು ಖಾಲಿ ಇರುತ್ತದೆ, ಗಾಬರಿ ಬೇಡ. ಪುಕ್ಕ ಮುಚ್ಚಿಕೊಂಡಿದೆಯಾ ನೋಡಿ. ಎರಡು ಗಂಡಿನಲ್ಲಿ ಯಾವುದರ ನೆತ್ತಿ ತುಂಬಿದೆಯೋ ಅದನ್ನು ಇಟ್ಟುಕೊಳ್ಳಿ. ಮತ್ತೆ ಐದು ತಿಂಗಳಿಗೆ ಬ್ರೀಡಿಂಗ್ ಬಾಕ್ಸ್ ಕಟ್ಟಬೇಡಿ ತಂಗಿ. ಒಂದೂವರೆ ವರ್ಷ ಆಗಲಿ. ಚಿಕ್ಕ ಹೆಣ್ಣಿಗೆ ಮೊಟ್ಟೆ ಸಿಕ್ಕಿಕೊಂಡರೆ ಒಂದೇ ರಾತ್ರಿ, ಬೆಳಗ್ಗೆ ಪಂಜರದ ತಳದಲ್ಲಿ ಸಿಗುತ್ತದೆ.

ಹಾಂ, ರಾತ್ರಿ ಅಂದಾಗ ನೆನಪಾಯಿತು. ಲುಟಿನೋಗಳು ಕತ್ತಲಲ್ಲಿ ಜಾಸ್ತಿ ಬೆಚ್ಚುತ್ತವೆ, ನಾನು ಕಂಡ ಹಾಗೆ. ಕರೆಂಟ್ ಹೋದ ತಕ್ಷಣ ಪಂಜರದಲ್ಲಿ ದಬದಬ ಬಡಿದುಕೊಂಡು ರೆಕ್ಕೆಯ ಹೊಸ ಗರಿ ಮುರಿದುಕೊಂಡು ರಕ್ತ ಮಾಡಿಕೊಳ್ಳುತ್ತವೆ. ಬ್ಯಾಟರಿಯ ಒಂದು ಸಣ್ಣ ದೀಪ ಇಡಿ. ಕರೆಂಟ್ ಯಾವಾಗ ಹೋಗುತ್ತೆ ಅಂತ ಲೈನ್‌ಮನ್‌ಗೂ ಗೊತ್ತಿರಲ್ಲ.

ಧಾರವಾಡದ ಮೇಷ್ಟ್ರು

ಲೈನ್‌ಮನ್ ಸರ್ ಲೆಕ್ಕ ಸರಿ ಇದೆ, ಪೇಪರ್ ಮೇಲೆ ಹಾಕಿ ನೋಡಿದೆ. ಪಿಯುಸಿ ಹುಡುಗರಿಗೆ ಇದನ್ನೇ ಕೊಡಬೇಕು ಅನ್ನಿಸಿತು, ಅನುವಂಶೀಯತೆ ಪಾಠದ ಬಟಾಣಿ ಗಿಡ ಕೇಳಿ ಕೇಳಿ ಅವರಿಗೂ ಸಾಕಾಗಿದೆ.

ಪುಡಿ ಬಗ್ಗೆ ಹೇಳುತ್ತೇನೆ. ಸುಮ್ನೆ ದುಡ್ಡು ದಂಡ. ಫ್ಲೆಮಿಂಗೋ, ಕ್ಯಾನರಿ ಇವುಗಳ ಕೆಂಪು-ಹಳದಿ ತಿನ್ನುವ ಆಹಾರದಿಂದ ಬರುತ್ತದೆ, ಹಾಗಾಗಿ ಕ್ಯಾನರಿಗೆ ಬಣ್ಣದ ಆಹಾರ ಕೊಡುವ ರೂಢಿ ಇದೆ. ಗಿಳಿ ಜಾತಿಯಲ್ಲಿ ಹಾಗಲ್ಲ. ಇವು ಹಳದಿ, ಕಿತ್ತಳೆ, ಕೆಂಪನ್ನು ಬೆಳೆಯುವ ಗರಿಯೊಳಗೆ ತಾವೇ ತಯಾರಿಸುತ್ತವೆ. ಆ ಬಣ್ಣಕ್ಕೆ ಸಿಟಾಕೊಫಲ್ವಿನ್ ಅಂತ ಹೆಸರು. ನೀವು ಹಾಕಿದ ಪುಡಿ ಎಲ್ಲಿಗೆ ಹೋಯಿತು ಅನ್ನೋದು ಹಿಕ್ಕೆಯಲ್ಲೇ ಕಂಡಿದೆಯಲ್ಲ.

ಕಾಕಟೀಲ್ ಮೈಯಲ್ಲಿ ಇರುವುದು ಎರಡೇ ಸಾಮಗ್ರಿ. ಬೂದು-ಕಪ್ಪು ಕೊಡುವ ಮೆಲನಿನ್, ಹಳದಿ-ಕಿತ್ತಳೆ ಕೊಡುವ ಈ ಸಿಟಾಕೊಫಲ್ವಿನ್. ಮೆಲನಿನ್ ಹೋದರೆ ಲುಟಿನೋ. ಇನ್ನೊಂದು ಹೋದರೆ ವೈಟ್‌ಫೇಸ್. ಎರಡೂ ಹೋದರೆ ಆಲ್ಬಿನೋ. ಹೊಸ ಬಣ್ಣ ಅಂತ ನಾವು ಕೂಗುವುದು ಸಾಮಾನ್ಯವಾಗಿ ಏನೋ ಒಂದು ಇಲ್ಲವಾದದ್ದನ್ನು. ಲವ್‌ಬರ್ಡ್ ಅಂತ ನಮ್ಮಲ್ಲಿ ಮಾರುವ ಬಜರಿಗಾರ್‌ನಲ್ಲೂ ಅಷ್ಟೇ. ಅದರ ಹಸಿರು ಅಂದರೆ ಗರಿಯ ರಚನೆಯಿಂದ ಕಾಣುವ ನೀಲಿ, ಮೇಲೆ ಹಳದಿ. ಹಳದಿ ತಯಾರಾಗದಿದ್ದರೆ ಹಕ್ಕಿ ನೀಲಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದರ ಕಾರಣ ಹುಡುಕಿದರು. ಹಳದಿ ತಯಾರಿಸುವ ಒಂದು ಕಿಣ್ವದ ಸರಪಳಿಯಲ್ಲಿ 644ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ, ಅಷ್ಟಕ್ಕೇ ಹಸಿರು ಹಕ್ಕಿ ನೀಲಿ. ಕಾಕಟೀಲ್ ಗರಿಯಲ್ಲಿ ಆ ನೀಲಿಯ ಏರ್ಪಾಡೇ ಇಲ್ಲ. ಹಾಗಾಗಿ ನೀಲಿ ಕಾಕಟೀಲ್ ಇದೆ ಅಂತ ಯಾರಾದರೂ ಫೋಟೋ ಕಳಿಸಿದರೆ ಅದು ಮೊಬೈಲಿನಲ್ಲಿ ಹುಟ್ಟಿದ ಹಕ್ಕಿ.

ಬಣ್ಣವೊಂದರಿಂದಲೇ ಕೆಡುತ್ತದೆ ಅಂತಲೂ ಅಲ್ಲ. ಪ್ರದರ್ಶನಕ್ಕೆ ಅಂತ ದಪ್ಪ ತಲೆ, ಉದ್ದ ಪುಕ್ಕ ಆರಿಸಿ ಆರಿಸಿ ಬೆಳೆಸಿದ ಬಜರಿಗಾರ್‌ಗಳಲ್ಲಿ ಒಮ್ಮೊಮ್ಮೆ ಗರಿ ಬೆಳೆಯುವುದು ನಿಲ್ಲದ ಮರಿ ಹುಟ್ಟುತ್ತದೆ. ಧೂಳು ಹೊಡೆಯುವ ಕುಚ್ಚಿನ ಹಾಗೆ ಕಾಣುತ್ತದೆ, ಹಾರಲಾರದು, ಜಾಸ್ತಿ ದಿನ ಬದುಕುವುದಿಲ್ಲ.

ನೀಲಿ ಗರಿ

ಕಾಕಟೀಲ್ ಯಾಕೆ ಅಕ್ಕಾ, ನೀಲಿ ರಿಂಗ್‌ನೆಕ್ ಸಾಕಿ. ಮಾತೂ ಆಡುತ್ತೆ, ರೇಟೂ ಜಾಸ್ತಿ. ಹಸಿರು ಗಿಳಿ ಸಾಕಬಾರದು ಅಷ್ಟೇ, ನೀಲಿಗೆ ಏನೂ ಇಲ್ಲ.

ಮಹಡಿ ಮೇಲಿನ ಲೈನ್‌ಮನ್, ದಾವಣಗೆರೆ

ತಮ್ಮಾ, ಯಾರಪ್ಪಾ ನಿನಗೆ ಹೇಳಿದ್ದು? ನೀಲಿ ಆದರೂ ಹಳದಿ ಆದರೂ ಅದು ನಮ್ಮ ತೆಂಗಿನ ಮರದ ಪೊಟರೆಯಲ್ಲಿರುವ ಅದೇ ಗಿಳಿ. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿರುವುದು ಜಾತಿಯ ಹೆಸರು, ಬಣ್ಣದ ಹೆಸರಲ್ಲ. ಆ ತಂಗಿಯನ್ನು ಅರಣ್ಯ ಇಲಾಖೆ ಬಾಗಿಲಿಗೆ ಕಳಿಸಬೇಡ.

ತಿಪಟೂರು ಹಿತ್ತಲು

ಲೈನ್‌ಮನ್ ಅಣ್ಣಾ, ಮೇಷ್ಟ್ರೇ, ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಏನು ಹೇಳಲಿ. ಪುಡಿ ನಿಲ್ಲಿಸಿದೆ. ಎಣ್ಣೆ ಬಾಟಲಿಯನ್ನು ಅತ್ತೆ ಕೈಗೆ ವಾಪಸ್ ಕೊಟ್ಟೆ, ಮುಖ ಸ್ವಲ್ಪ ದಪ್ಪ ಆಯಿತು.

ಊದಿ ನೋಡಿದೆ. ಒಂದು ಬೂದು ಗಂಡಿನ ನೆತ್ತಿ ಪೂರ್ತಿ ಮುಚ್ಚಿಕೊಂಡಿದೆ. ಇನ್ನೊಂದರಲ್ಲಿ ಚರ್ಮ ಕಾಣುತ್ತೆ. ಲುಟಿನೋ ಹೆಣ್ಣುಗಳಲ್ಲಿ ಒಂದಕ್ಕೆ ಅಪ್ಪನ ಹಾಗೇ. ಒಂದು ಸಂದೇಹ: ಮರಿ ಒಡೆದ ದಿನವೇ ಯಾವ ಬಣ್ಣ ಅಂತ ಗೊತ್ತಾಗುತ್ತಾ? ಹೋದ ಸಲ ನನಗೆ ಎಲ್ಲ ಒಂದೇ ಥರ ಕಂಡವು, ಹಳದಿ ನೂಲು ಸುತ್ತಿದ ಹಾಗೆ.

ಮಹಡಿ ಮೇಲಿನ ಲೈನ್‌ಮನ್, ದಾವಣಗೆರೆ

ಎಲ್ಲವೂ ಹಳದಿ ಇದ್ದದ್ದು ಸರಿಯೇ, ಆ ಸಲ ವೈಟ್‌ಫೇಸ್ ಮರಿ ಬರುವ ಹಾಗೇ ಇರಲಿಲ್ಲ. ವೈಟ್‌ಫೇಸ್ ಮರಿಯ ನೂಲು ಬೆಳ್ಳಗಿರುತ್ತದೆ, ಹತ್ತಿಯ ಹಾಗೆ. ಇನ್ನು ಕಣ್ಣು. ರೆಪ್ಪೆ ತೆರೆಯುವುದು ಎಂಟು-ಹತ್ತು ದಿನಕ್ಕೆ, ಆದರೆ ಮೊದಲ ದಿನವೇ ತೆಳು ಚರ್ಮದೊಳಗೆ ಕಣ್ಣು ಕಾಣುತ್ತದೆ. ಬೂದು ಮರಿಗೆ ನೇರಳೆ ಹಣ್ಣು ಇಟ್ಟ ಹಾಗೆ ಕಪ್ಪು, ಲುಟಿನೋಗೆ ಗುಲಾಬಿ. ಬಿಳಿ ನೂಲು, ಗುಲಾಬಿ ಕಣ್ಣು ಎರಡೂ ಒಂದೇ ಮರಿಯಲ್ಲಿ ಕಂಡರೆ ಹೋಳಿಗೆಗೆ ಬೇಳೆ ಇಡಿ. ಗಂಡು ಹಗಲಿಗೆ ಕಾವು ಕೂರುತ್ತದೆ, ಹೆಣ್ಣು ರಾತ್ರಿಗೆ. ಸಂಜೆ ಅವು ಪಾಳಿ ಬದಲಿಸುವಾಗ ಇಣುಕಿ, ಬಾಕ್ಸಿನೊಳಗೆ ಕೈ ಹಾಕಬೇಡಿ.

ನೋಟ್‌ಬುಕ್ ಇಡಿ. ಕಾಲಿನ ಉಂಗುರದ ನಂಬರ್, ಅಪ್ಪ, ಅಮ್ಮ, ಒಡೆದ ದಿನ, ನೆತ್ತಿ ಹೇಗಿದೆ. ನಾನು ಒಂದು ಸಲ ಪರ್ಲ್ ಜೋಡಿ ತಂದಿದ್ದೆ, ಮೈಯೆಲ್ಲ ಚುಕ್ಕಿ. ಆರೇಳು ತಿಂಗಳಿಗೆ ಗಂಡಿನ ಚುಕ್ಕಿಯೆಲ್ಲ ಉದುರಿ ಬರೀ ಬೂದು ಆಯಿತು. ಕೊಟ್ಟವನ ಹತ್ತಿರ ಹೋಗಿ ಜಗಳ ಆಡಿದೆ. ಪರ್ಲ್ ಗಂಡು ಮೊದಲ ಸಲ ಗರಿ ಉದುರಿಸಿದಾಗ ಹಾಗೇ ಆಗುವುದು ಅಂತ ಆಮೇಲೆ ಗೊತ್ತಾಯಿತು. ಅವನು ಈಗಲೂ ನನ್ನನ್ನು ಕಂಡರೆ ನಗುತ್ತಾನೆ. ಬರೆದಿಡದೆ ಹೋಗಿದ್ದರೆ ಅದು ಪರ್ಲ್ ಅಂತಲೇ ಮರೆತು ಬೂದಿನ ಲೆಕ್ಕದಲ್ಲಿ ಮಾರಿಬಿಡುತ್ತಿದ್ದೆ.

ತಿಪಟೂರು ಹಿತ್ತಲು

(14 ತಿಂಗಳ ನಂತರ)

ನೆನಪಿದೆಯಾ ಎಲ್ಲರಿಗೂ? ನೆತ್ತಿ ತುಂಬಿದ ಬೂದು ಗಂಡಿಗೆ ಅರಸೀಕೆರೆ ಕಡೆಯ ಒಬ್ಬರಿಂದ ವೈಟ್‌ಫೇಸ್ ಹೆಣ್ಣು ತಂದೆ. ಅಂಗಡಿಯವರು ಲೈನ್ ಕೆಡಿಸಿಬಿಟ್ಟಿರಿ ಅಂದರು.

ನಾಲ್ಕು ಮೊಟ್ಟೆ, ಮೂರು ಮರಿ. ಮೊದಲನೆಯದು ಹಳದಿ ನೂಲು, ಕಪ್ಪು ಕಣ್ಣು. ಎರಡನೆಯದು ಬಿಳಿ ನೂಲು. ಎದೆ ಡವಡವ ಅಂತು, ಟಾರ್ಚ್ ತಂದು ನೋಡಿದರೆ ಕಪ್ಪು ಕಣ್ಣು. ಮೂರನೆಯದು ಹಳದಿ ನೂಲು, ಗುಲಾಬಿ ಕಣ್ಣು. ಆಲ್ಬಿನೋ ಇಲ್ಲ. ಅತ್ತೆ ಈಗ ದಿನಾ ಸಂಜೆ ಅವರೇ ಹೋಗಿ ಇಣುಕುತ್ತಾರೆ, ಕೆಳಗೆ ಬಂದು ನನಗೆ ವರದಿ. ಬೇಯಿಸಿದ ಮೊಟ್ಟೆಗೆ ನುಗ್ಗೆ ಸೊಪ್ಪು ಹೆಚ್ಚಿ ಹಾಕುವುದೂ ಅವರೇ. ದೊಡ್ಡದಕ್ಕೆ ಇವತ್ತಿಗೆ ಹನ್ನೊಂದು ದಿನ, ಉಂಗುರ ಹಾಕಿದೆ. ನೋಟ್‌ಬುಕ್ ಮಗಳ ಹಳೇ ಗಣಿತದ್ದು, ಹಿಂದಿನ ಪುಟಗಳಿಂದ ಶುರು ಮಾಡಿದ್ದೇನೆ.

ಗೂಡು-ಗೀಡು

ಲುಟಿನೋ ಆದ್ರೂ ಪರ್ವಾಗಿಲ್ಲ ಅಕ್ಕಾ. ರೇಟ್ ಎಷ್ಟು?

ಮಹಡಿ ಮೇಲಿನ ಲೈನ್‌ಮನ್, ದಾವಣಗೆರೆ

ಆ ಲುಟಿನೋ ಹೆಣ್ಣು, ಗೊತ್ತಲ್ಲ? ಅದನ್ನು ಈಗಲೇ ಯಾರಿಗೂ ಕೊಡುತ್ತೇನೆ ಅಂತ ಒಪ್ಪಿಕೊಳ್ಳಬೇಡಿ. ಒಂದು ತಿಂಗಳು ದಾಟಿ ಜುಟ್ಟು ಪೂರ್ತಿ ಬಂದಮೇಲೆ ಊದಿ ನೋಡಿ ಫೋಟೋ ಹಾಕಿ, ತಂಗಿ. ಮೇಲಿಂದ ತೆಗೆದದ್ದು. ಪಕ್ಕದಿಂದ ಬೇಡ.